ಮಲೆನಾಡಿನ ಕಾಡಿಗೆ ಚಾರಣ: ಫಾರ್ವರ್ಡ್ ಹೇಳುವುದೊಂದು, ಕಾಡು ಇರುವುದೊಂದು

ಸಾಲು ರಜೆ ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಉದ್ದನೆಯ ಸಂದೇಶ ಓಡಾಡಲು ಶುರುವಾಗುತ್ತದೆ. ಮೇಲೆ "ಕಾಡಿಗೆ ಟ್ರೆಕ್ಕಿಂಗ್ ಹೋಗುವವರು ತಪ್ಪದೆ ಓದಿ, ಒಂದು ಜೀವ ಉಳಿಯಬಹುದು" ಎಂಬ ತಲೆಬರಹ. ಕೆಳಗೆ "ಕನಿಷ್ಠ ಹತ್ತು ಜನಕ್ಕೆ ಕಳಿಸಿ" ಎಂಬ ಕೋರಿಕೆ. ನಡುವೆ ಇರುವುದು ಇಷ್ಟು: ನೆಟ್‌ವರ್ಕ್ ಇಲ್ಲದಿದ್ದರೂ 112ಕ್ಕೆ ಕರೆ ಹೋಗುತ್ತದೆ, ಬ್ಯಾಟರಿ ಮುಗಿಯುತ್ತಾ ಬಂದರೆ *3370# ಒತ್ತಿ, ದಾರಿ ತಪ್ಪಿದರೆ ಹಳ್ಳ ಹಿಡಿದು ಕೆಳಗಿಳಿಯಿರಿ, ಮರದಲ್ಲಿ ಪಾಚಿ ಇರುವ ಕಡೆ ಉತ್ತರ ದಿಕ್ಕು, ಹರಿಯುವ ನೀರು ಶುದ್ಧ, ಹಾವು ಕಚ್ಚಿದರೆ ಬಿಗಿಯಾಗಿ ಹಗ್ಗ ಕಟ್ಟಿ. ಜೊತೆಗೆ ಕಾಲಿಗೆ ಹತ್ತಿದ ಇಂಬಳದ ಒಂದು ಭಯಂಕರ ಫೋಟೊ.

"ಇದು ನಿಜವೇ?" ಎಂದು ಕೇಳಿ ಹಲವರು ನಮಗೆ ಇದನ್ನು ಕಳಿಸಿದ್ದಾರೆ. ಒಂದೊಂದನ್ನೇ ನೋಡೋಣ. ಅದಕ್ಕೂ ಮೊದಲು ಒಂದು ಮಾತು. ಈ ಸಂದೇಶ ಬರೆದವರ ಕಲ್ಪನೆಯ ಕಾಡಿನಲ್ಲಿ ನೀವು, ನಿಮ್ಮ ಫೋನು, ಒಂದಷ್ಟು ಪ್ರಾಣಿಗಳು ಬಿಟ್ಟರೆ ಬೇರೆ ಯಾರೂ ಇಲ್ಲ. ನಮ್ಮ ಮಲೆನಾಡಿನ ಕಾಡು ಹಾಗಿಲ್ಲ. ಅದು ದಿನವೂ ಜನ ದುಡಿಯುವ ಜಾಗ. ಚಾರಣದ ತಯಾರಿ ಹೇಗಿರಬೇಕು ಎಂಬುದು ನಿಂತಿರುವುದೇ ಇದರ ಮೇಲೆ.

ಅಲ್ಲಿ ಯಾರು ಏನು ಮಾಡುತ್ತಾರೆ?

ಶಿರಸಿ, ಯಲ್ಲಾಪುರ, ಸಾಗರ, ಹೊಸನಗರ, ಶೃಂಗೇರಿ, ಸಕಲೇಶಪುರ, ಯಾವ ಕಡೆಯ ಕಾಡಿಗೇ ಹೋಗಿ, ಅದರೊಳಗೆ ಹಲವು ಬಗೆಯ ಕೆಲಸ ನಡೆಯುತ್ತಿರುತ್ತದೆ. ಅರಣ್ಯ ಇಲಾಖೆಯ ತೇಗ, ಅಕೇಶಿಯಾ ನೆಡುತೋಪುಗಳಿವೆ. ಅಲ್ಲಿ ಮರ ಕಡಿಯುವ ಜಾಗಕ್ಕೆ ಕೂಪು ಎನ್ನುತ್ತಾರೆ. ಯಾವ ಭಾಗದಲ್ಲಿ ಯಾವ ವರ್ಷ ಕಡಿಯಬೇಕು, ಎಲ್ಲಿ ನೆಡಬೇಕು ಎಂದು ಪ್ರತಿ ಅರಣ್ಯ ವಿಭಾಗಕ್ಕೂ ಒಂದು ಕಾರ್ಯ ಯೋಜನೆ ಇರುತ್ತದೆ. ಕಡಿದ ನಾಟಾ ಲಾರಿಯಲ್ಲಿ ಡಿಪೋಗೆ ಹೋಗುತ್ತದೆ. ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಅಡಿಕೆ ತೋಟದವರಿಗೆ ಸೊಪ್ಪು, ತರಗೆಲೆ ತರಲು ಬಿಟ್ಟ ಸೊಪ್ಪಿನ ಬೆಟ್ಟಗಳಿವೆ. ಉಪ್ಪಾಗೆ, ಮುರುಗಲು, ಸೀಗೆಕಾಯಿ, ಜೇನು ಕೊಯ್ಯುವವರು ಆಯಾ ಕಾಲಕ್ಕೆ ಬರುತ್ತಾರೆ. ದನ ಮೇಯಿಸುವವರು ಬರುತ್ತಾರೆ. ಬೇಸಿಗೆಯಲ್ಲಿ ಬೆಂಕಿ ರೇಖೆ ಮಾಡಿ ಕಾಯುವ ವಾಚರ್‌ಗಳಿರುತ್ತಾರೆ. ಸಕಲೇಶಪುರ, ಮೂಡಿಗೆರೆ ಕಡೆ ಕಾಡು ಎಲ್ಲಿ ಮುಗಿಯಿತು, ಕಾಫಿ ತೋಟ ಎಲ್ಲಿ ಶುರುವಾಯಿತು ಎಂದು ಹೊಸಬರಿಗೆ ಗೊತ್ತೂ ಆಗುವುದಿಲ್ಲ.

ಇದರಿಂದ ಎರಡು ಪರಿಣಾಮ. ಮೊದಲನೆಯದು, ಅಲ್ಲಿನ ಅಪಾಯಗಳಲ್ಲಿ ಕೆಲವು ಕೆಲಸದ ಜಾಗದ ಅಪಾಯಗಳು. ಒಟ್ಟಿದ ನಾಟಾ ರಾಶಿಯ ಮೇಲೆ ಹತ್ತಿ ಕೂತು ಫೋಟೊ ತೆಗೆಸಿಕೊಳ್ಳುವವರನ್ನು ನಾವೇ ನೋಡಿದ್ದೇವೆ. ಒಂದು ದಿಮ್ಮಿ ಜಾರಿದರೆ ಮೇಲಿನದ್ದೆಲ್ಲ ಉರುಳುತ್ತದೆ, ಕಾಲು ತೆಗೆಯಲು ಸಮಯ ಸಿಗುವುದಿಲ್ಲ. ಗರಗಸದ ಸದ್ದು ಕೇಳಿದರೆ ಆ ಕಡೆ ಹೋಗದೆ ಸುತ್ತು ಹಾಕಿ. ದಾಟಲೇಬೇಕಾದರೆ ಅಲ್ಲಿನವರ ಕಣ್ಣಿಗೆ ಬೀಳುವಂತೆ ದೂರದಲ್ಲೇ ನಿಂತು ಕೂಗಿ, ಅವರು ಕೈ ಮಾಡಿದ ಮೇಲೆ ದಾಟಿ. ಬೀಳುವ ಮರ ತನ್ನ ಎತ್ತರದಷ್ಟು ದೂರಕ್ಕೆ ಬರುತ್ತದೆ, ಬೀಳುವಾಗ ಪಕ್ಕದ ಮರದ ಕೊಂಬೆಗಳನ್ನೂ ಮುರಿದು ಎಸೆಯುತ್ತದೆ. ಹಾಗಾಗಿ ಕನಿಷ್ಠ ಮರದ ಎತ್ತರದ ಎರಡರಷ್ಟು ದೂರ ಬೇಕು. ಮಣ್ಣು ರಸ್ತೆಯಲ್ಲಿ ಲೋಡ್ ಆದ ಲಾರಿ ಎದುರಾದರೆ ನೀವೇ ಬದಿಗೆ ಸರಿಯಬೇಕು. ಇಳಿಜಾರಿನಲ್ಲಿ ಅಷ್ಟು ಭಾರ ಹೊತ್ತ ಲಾರಿ ಬೇಕೆಂದಲ್ಲಿ ನಿಲ್ಲುವುದಿಲ್ಲ. ಕಾರನ್ನು ಅರಣ್ಯ ಗೇಟಿನ ಮುಂದೆ ನಿಲ್ಲಿಸಿ ಹೋಗಬೇಡಿ. ಬೆಂಕಿ ಬಿದ್ದಾಗ ಜೀಪು ಹೋಗಬೇಕಾದ ದಾರಿ ಅದು. ಇನ್ನು ಗದ್ದೆ, ತೋಟದ ಅಂಚಿನಲ್ಲಿ ಕತ್ತಲಲ್ಲಿ ಬೇಲಿ ದಾಟುವ ಸಾಹಸ ಬೇಡವೇ ಬೇಡ. ಕಾಡುಹಂದಿಗೆಂದು ಕಳ್ಳತನದಲ್ಲಿ ಕರೆಂಟು ಹಾಯಿಸಿದ ತಂತಿಗೆ ಮನುಷ್ಯರೂ ಬಲಿಯಾಗಿದ್ದಾರೆ.

ಎರಡನೆಯದು ಒಳ್ಳೆಯ ಸುದ್ದಿ. ಆ ದಾರಿಯಲ್ಲಿ ಮೊನ್ನೆ ಆನೆ ಬಂದಿತ್ತೇ, ಹಳ್ಳದ ಸಂಕ ಉಳಿದಿದೆಯೇ, ಮಂಗ ಸತ್ತು ಬಿದ್ದಿತ್ತೇ ಎಂಬುದು ಅಲ್ಲಿ ದುಡಿಯುವವರಿಗೆ ಗೊತ್ತು. ನೀವು ಸಿಕ್ಕಿಹಾಕಿಕೊಂಡರೆ ಹುಡುಕಿಕೊಂಡು ಬರುವವರೂ ಅವರೇ. ಬೆಂಗಳೂರಿನಿಂದ ಹೆಲಿಕಾಪ್ಟರ್ ಬರುವುದಿಲ್ಲ. ಬೀಟ್ ಗಾರ್ಡ್, ವಾಚರ್, ಊರಿನ ನಾಲ್ಕು ಹುಡುಗರು ಟಾರ್ಚ್ ಹಿಡಿದು ಬರುತ್ತಾರೆ.

ಮೊದಲು ಅನುಮತಿ

ಫಾರ್ವರ್ಡ್‌ನಲ್ಲಿ ಇದರ ಸುದ್ದಿಯೇ ಇಲ್ಲ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಹೋಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಸೇರುತ್ತದೆ. "ಊರವರು ದಿನಾ ಹೋಗುತ್ತಾರಲ್ಲ, ನಾವು ಹೋದರೇನು?" ಎಂದು ಕೇಳುವವರಿದ್ದಾರೆ. ಊರವರು ಹೋಗುವುದು ತಲೆತಲಾಂತರದಿಂದ ಬಂದ, ದಾಖಲೆಯಲ್ಲಿರುವ ಸವಲತ್ತುಗಳ ಮೇಲೆ. ಅದು ಪ್ರವಾಸಿಗರಿಗೆ ಅನ್ವಯಿಸುವುದಿಲ್ಲ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ಹೋದ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಈಗ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಬುಕ್ ಮಾಡಬೇಕು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಇದೆ. ಬೆಂಕಿಯ ಕಾಲದಲ್ಲಿ, ಜೋರು ಮಳೆಯಲ್ಲಿ ಕೆಲವು ದಾರಿಗಳನ್ನು ಮುಚ್ಚುತ್ತಾರೆ. ಪಟ್ಟಿಯಲ್ಲಿ ಇಲ್ಲದ ಕಾಡಾದರೆ ಆ ವಲಯದ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಬೇಕು. ಇಲ್ಲ ಎಂದರೆ ಅಲ್ಲಿಗೆ ಮುಗಿಯಿತು.

ಇದನ್ನು ಬರೀ ಕಾನೂನಿನ ಭಯಕ್ಕೆ ಹೇಳುತ್ತಿಲ್ಲ. ಬುಕ್ ಮಾಡಿದರೆ ಇವತ್ತು ಒಳಗೆ ಎಷ್ಟು ಜನ ಹೋದರು, ಎಷ್ಟು ಜನ ವಾಪಸ್ ಬಂದರು ಎಂಬ ಲೆಕ್ಕ ಗೇಟಿನಲ್ಲಿರುತ್ತದೆ. ಕದ್ದು ಹೋದವರು ಬಾರದೆ ಉಳಿದರೆ, ಅವರು ಒಳಗಿದ್ದಾರೆ ಎಂಬುದೇ ಯಾರಿಗೂ ಗೊತ್ತಿರುವುದಿಲ್ಲ.

ನೆಟ್‌ವರ್ಕ್ ಇಲ್ಲದಿದ್ದರೂ 112 ಹೋಗುತ್ತದೆಯೇ?

ಅರ್ಧ ನಿಜ. ಆ ಅರ್ಧವನ್ನು ಸರಿಯಾಗಿ ತಿಳಿದುಕೊಂಡರೆ ಉಪಯೋಗವಿದೆ.

ಫೋನ್ ಒಂದು ರೇಡಿಯೊ. ಅದರ ಅಲೆ ಯಾವುದೋ ಒಂದು ಟವರಿಗೆ ತಲುಪಿದರೆ ಮಾತ್ರ ಕರೆ. ತುರ್ತು ಕರೆಯಲ್ಲಿ ಇರುವ ವಿಶೇಷವೆಂದರೆ, ನಿಮ್ಮ ಸಿಮ್ ಯಾವ ಕಂಪನಿಯದೇ ಇರಲಿ, ಸುತ್ತ ಸಿಗುವ ಬೇರೆ ಕಂಪನಿಯ ಟವರ್ ಮೂಲಕವೂ 112ಕ್ಕೆ ಕರೆ ಹೋಗಬಹುದು. ಮಲೆನಾಡಿನ ಎಷ್ಟೋ ಊರುಗಳಲ್ಲಿ ಬಿಎಸ್‌ಎನ್‌ಎಲ್ ಒಂದೇ ಸಿಗುವುದರಿಂದ ಇದು ಕೆಲಸಕ್ಕೆ ಬರುತ್ತದೆ. ಗುರುತಿಸುವುದು ಸುಲಭ: ಪರದೆಯ ಮೇಲೆ 'ಎಮರ್ಜೆನ್ಸಿ ಕಾಲ್ಸ್ ಓನ್ಲಿ' ಎಂದು ತೋರಿಸಿದರೆ ಬೇರೆ ಯಾರದೋ ಟವರ್ ಇದೆ, ಪ್ರಯತ್ನಿಸಿ. 'ನೋ ಸರ್ವಿಸ್' ಎಂದು ಇದ್ದರೆ ಯಾವ ಟವರೂ ಇಲ್ಲ. ಆಗ 112 ಒತ್ತಿದರೂ, ದೇವರ ನಂಬರ್ ಒತ್ತಿದರೂ ಅಷ್ಟೇ. ದಿಣ್ಣೆ ಹತ್ತಿ, ತೆರೆದ ಜಾಗಕ್ಕೆ ಬಂದು ಮತ್ತೆ ನೋಡಬೇಕು. ಕರೆ ನಿಲ್ಲದಷ್ಟು ಸಿಗ್ನಲ್ ದುರ್ಬಲವಾಗಿರುವಲ್ಲಿ ಎಸ್‌ಎಂಎಸ್ ಹೋಗುವುದುಂಟು. ಏಕೆಂದರೆ ಅದಕ್ಕೆ ಒಂದು ಕ್ಷಣದ ಸಂಪರ್ಕ ಸಾಕು.

*3370# ಮಾತ್ರ ಶುದ್ಧ ಸುಳ್ಳು. ಇದು ನೋಕಿಯಾ ಕಾಲದ ಹಳೆಯ ಇಮೇಲ್ ಸುಳ್ಳು, ವಾಟ್ಸ್‌ಆ್ಯಪ್ ಹುಟ್ಟುವ ಮೊದಲಿನದು. ಆಗಿನ ಕೆಲವು ನೋಕಿಯಾ ಫೋನುಗಳಲ್ಲಿ ಈ ಸಂಖ್ಯೆ ಧ್ವನಿಯ ಗುಣಮಟ್ಟ ಬದಲಿಸುತ್ತಿತ್ತು. ಅದರಿಂದ ಬ್ಯಾಟರಿ ಉಳಿಯುವ ಬದಲು ಹೆಚ್ಚು ಖರ್ಚಾಗುತ್ತಿತ್ತು! ಯಾವ ಫೋನಿನಲ್ಲೂ ಬಚ್ಚಿಟ್ಟ ಬ್ಯಾಟರಿ ಎಂಬುದಿಲ್ಲ. ಬ್ಯಾಟರಿ ಉಳಿಸುವ ನಿಜವಾದ ಉಪಾಯ ಏರೋಪ್ಲೇನ್ ಮೋಡ್. ಸಿಗ್ನಲ್ ಇಲ್ಲದ ಕಡೆ ಫೋನು ಸುಮ್ಮನಿರದೆ ಟವರ್ ಹುಡುಕುತ್ತಾ ಶಕ್ತಿ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತದೆ. ನಗರದಲ್ಲಿ ರಾತ್ರಿಯವರೆಗೆ ಬರುವ ಬ್ಯಾಟರಿ ಕಾಡಿನಲ್ಲಿ ಮಧ್ಯಾಹ್ನವೇ ಮುಗಿಯುವುದು ಇದಕ್ಕೇ.

ಜಿಪಿಎಸ್ ಬೇರೆ. ಅದಕ್ಕೆ ಟವರ್ ಬೇಡ, ಉಪಗ್ರಹಗಳ ಸಂಕೇತವನ್ನು ಫೋನು ಬರೀ ಕೇಳಿಸಿಕೊಳ್ಳುತ್ತದೆ. ಹೆಚ್ಚಿನ ಫೋನುಗಳಲ್ಲಿ ಏರೋಪ್ಲೇನ್ ಮೋಡ್‌ನಲ್ಲೂ ನೀವು ಎಲ್ಲಿದ್ದೀರಿ ಎಂಬ ನೀಲಿ ಚುಕ್ಕೆ ಸಿಗುತ್ತದೆ. ಆದರೆ ಚುಕ್ಕೆಯ ಹಿಂದಿನ ನಕ್ಷೆ ಇಂಟರ್‌ನೆಟ್‌ನಿಂದ ಬರುವಂಥದ್ದು. ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡಿರದಿದ್ದರೆ ಖಾಲಿ ಪರದೆಯ ಮೇಲೆ ಒಂದು ಚುಕ್ಕೆ ಮಾತ್ರ ಕಾಣುತ್ತದೆ. ಇನ್ನೊಂದು ವಿಷಯ, ವಿದೇಶದಲ್ಲಿರುವ ನೆಂಟರು ಸ್ಯಾಟಲೈಟ್ ಫೋನ್ ತಂದುಕೊಡುತ್ತೇನೆ ಎಂದರೆ ಬೇಡ ಎನ್ನಿ. ಭಾರತದಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ.

ಹಾಗಾದರೆ ಗತಿ? ಹೊರಡುವ ಮೊದಲು ಒಬ್ಬರಿಗೆ ಹೇಳಿ ಹೋಗುವುದು. ಗುಂಪಿಗೆ ಹಾಕುವುದಲ್ಲ, ಒಬ್ಬರಿಗೆ ಜವಾಬ್ದಾರಿ ಕೊಡುವುದು. "ಟ್ರೆಕ್ ಹೋಗ್ತಿದೀವಿ, ನೆಟ್‌ವರ್ಕ್ ಇರಲ್ಲ" ಎಂದು ಸ್ಟೇಟಸ್ ಹಾಕಿದರೆ ಇನ್ನೂರು ಜನ ನೋಡುತ್ತಾರೆ, ಒಬ್ಬರೂ ಕಾಯುವುದಿಲ್ಲ. ಸಂದೇಶ ಹೀಗಿರಲಿ:

"ಅಕ್ಕಾ, ನಾಳೆ ಶನಿವಾರ ನಾವು ನಾಲ್ಕು ಜನ ಕಾಡಿಗೆ ಹೋಗುತ್ತಿದ್ದೇವೆ. ಕಾರು ಗೇಟಿನ ಹತ್ತಿರ ಇರುತ್ತದೆ, ನಂಬರ್ ಕಳಿಸಿದ್ದೇನೆ. ಹೋಗುವುದೂ ಬರುವುದೂ ಒಂದೇ ದಾರಿ, ನಕ್ಷೆಯ ಫೋಟೊ ಜೊತೆಗಿದೆ. ಸಂಜೆ 5ಕ್ಕೆ ಕೆಳಗಿರುತ್ತೇವೆ. ರಾತ್ರಿ 8ರೊಳಗೆ ಫೋನ್ ಬರದಿದ್ದರೆ ಈ ಅರಣ್ಯ ಕಚೇರಿಗೆ, ಈ ಪೊಲೀಸ್ ಠಾಣೆಗೆ ಫೋನ್ ಮಾಡು. ನಂಬರ್ ಕೆಳಗಿದೆ. ಅದಕ್ಕೂ ಮೊದಲು ಗಾಬರಿ ಬೇಡ."

ಇದರಲ್ಲಿ ಮುಖ್ಯವಾದದ್ದು 8 ಗಂಟೆ ಎಂಬ ಗಡಿ. ಗಡಿ ಇಲ್ಲದಿದ್ದರೆ ಮನೆಯವರು "ಬರುತ್ತಾರೆ ಬಿಡು" ಎಂದು ಬೆಳಗಿನ ತನಕ ಕಾಯುತ್ತಾರೆ. ಹೇಳಿದ ದಾರಿಯನ್ನು ನಡುವೆ ಬದಲಿಸಬಾರದು. ಹುಡುಕುವವರು ಹೋಗುವುದು ನೀವು ಬರೆದಿಟ್ಟ ಕಡೆಗೆ.

ನಕ್ಷೆಯಲ್ಲಿ ಗೆರೆ ಇದೆಯಲ್ಲ!

ಇಲ್ಲೇ ಹೆಚ್ಚು ಜನ ಎಡವುವುದು. ಉಪಗ್ರಹ ಚಿತ್ರದಲ್ಲಿ ಕಾಡಿನ ನಡುವೆ ಕಂದು ಬಣ್ಣದ ಗೆರೆಗಳು ಚೆನ್ನಾಗಿ ಕಾಣುತ್ತವೆ. ಅವುಗಳಲ್ಲಿ ಎಷ್ಟೋ ಕೂಪಿನ ದಾರಿಗಳು, ನಾಟಾ ಹೊರಗೆ ತರಲೆಂದು ಮಾಡಿದವು. ಊರಿಂದ ಊರಿಗೆ ಹೋಗುವ ದಾರಿಗೆ ಎರಡು ತುದಿ ಇರುತ್ತದೆ. ಕೂಪಿನ ದಾರಿಗೆ ಒಂದೇ ತುದಿ, ಇನ್ನೊಂದು ಕಡೆ ಮರ ಇದ್ದ ಜಾಗದಲ್ಲಿ ನಿಂತುಹೋಗುತ್ತದೆ. ಕೆಲಸ ಮುಗಿದ ಮೇಲೆ ಆ ದಾರಿ ಯಾರಿಗೂ ಬೇಡ. ಎರಡು ಮಳೆಗಾಲ ಕಳೆದರೆ ಲಂಟಾನ, ಯುಪಟೋರಿಯಂ ಮುಚ್ಚಿಬಿಡುತ್ತವೆ. ಚಿತ್ರ ಅದಕ್ಕಿಂತ ಹಳೆಯದಾಗಿದ್ದರೆ ಇಲ್ಲದ ದಾರಿ ಇದೆ ಎಂದು ತೋರಿಸುತ್ತದೆ.

ನಮ್ಮ ತಂಡದ ಇಬ್ಬರು ಕೆಲವು ವರ್ಷಗಳ ಹಿಂದೆ ಯಲ್ಲಾಪುರದ ಕಡೆ ಇಂಥದೇ ಗೆರೆ ನಂಬಿ ಹೊರಟಿದ್ದರು. ಒಂದೂವರೆ ಗಂಟೆ ಅಗಲವಾದ ದಾರಿಯಲ್ಲೇ ನಡೆದರು. ಆಮೇಲೆ ಅದು ಕವಲೊಡೆಯಿತು, ಮತ್ತೆ ಕವಲೊಡೆಯಿತು, ಕೊನೆಗೆ ಕಡಿದ ಬೊಡ್ಡೆಗಳ ನಡುವೆ ಮಾಯವಾಯಿತು. ಫೋನಿನ ಪ್ರಕಾರ ರಸ್ತೆ ಎದುರಿಗೇ 800 ಮೀಟರ್ ದೂರದಲ್ಲಿತ್ತು. ನಡುವೆ ಇದ್ದ ಕಣಿವೆ ಪರದೆಯಲ್ಲಿ ಕಾಣುತ್ತಿರಲಿಲ್ಲ. ನುಗ್ಗಿಬಿಡೋಣ ಎಂದು ಒಬ್ಬರು, ಬೇಡ ಎಂದು ಇನ್ನೊಬ್ಬರು. ವಾಪಸ್ ಬರುವಾಗ ತರಗೆಲೆಯ ಕಲ್ಲಿ ಹೊತ್ತ ಹೆಂಗಸೊಬ್ಬರು ಸಿಕ್ಕಿದರು. "ಅದು ಕೂಪಿನ ದಾರಿ ತಮ್ಮಾ, ಮುಂದೆ ಎಂತದೂ ಇಲ್ಲ. ಬೆಳಿಗ್ಗೆ ನೀವು ಹೋಗುವಾಗಲೇ ಕಂಡಿದ್ದೆ, ಕೇಳ್ತೀರೇನೋ ಅಂದುಕೊಂಡೆ" ಎಂದರಂತೆ. ಕೇಳಿದ್ದರೆ ಮೂರು ಗಂಟೆ ಉಳಿಯುತ್ತಿತ್ತು.

ಕೇಳುವುದಕ್ಕೂ ಒಂದು ರೀತಿ ಇದೆ. "ಈ ದಾರಿ ಅಲ್ಲಿಗೆ ಹೋಗುತ್ತದಾ?" ಎಂದು ಕೇಳಿದರೆ ಎಷ್ಟೋ ಜನ ಸಂಕೋಚಕ್ಕೆ ಹೌದು ಎಂದುಬಿಡುತ್ತಾರೆ. "ಈ ದಾರಿ ಎಲ್ಲಿಗೆ ಹೋಗುತ್ತದೆ? ನೀವು ಕೊನೆಯ ಸಲ ಹೋಗಿದ್ದು ಯಾವಾಗ?" ಎಂದು ಕೇಳಿ. "ಹತ್ತಿರವೇ" ಎಂಬ ಉತ್ತರವನ್ನು ಮಾತ್ರ ನಂಬಬೇಡಿ. ದಿನವೂ ಬೆಟ್ಟ ಹತ್ತುವವರ ಹತ್ತಿರ ನಮಗೆ ಎರಡು ಗಂಟೆ.

ಕಿಲೋಮೀಟರ್ ಅಲ್ಲ, ಗಂಟೆ ಲೆಕ್ಕ ಹಾಕಿ

1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸರಳ ಲೆಕ್ಕ ಕೊಟ್ಟರು. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತದ ತುದಿ 1,712 ಮೀಟರ್ ಎತ್ತರದಲ್ಲಿದೆ, ಕುಕ್ಕೆ ಸುಬ್ರಹ್ಮಣ್ಯ ಇರುವುದು ತೀರಾ ತಗ್ಗಿನಲ್ಲಿ. ಅಂದರೆ ಸುಮಾರು 1,500 ಮೀಟರ್ ಏರಬೇಕು, ಅದಕ್ಕೇ ಎರಡೂವರೆ ಗಂಟೆ ಬೇಕು. ದೂರವನ್ನು ಲೆಕ್ಕಕ್ಕೆ 12 ಕಿ.ಮೀ. ಎಂದಿಟ್ಟುಕೊಂಡರೆ ಇನ್ನು ಎರಡೂವರೆ ಗಂಟೆ. ಒಟ್ಟು ಐದು. ಇದು ಗಟ್ಟಿಗರ ಲೆಕ್ಕ, ಊಟವಿಲ್ಲ, ವಿಶ್ರಾಂತಿ ಇಲ್ಲ, ಫೋಟೊ ಇಲ್ಲ. ವಾರವಿಡೀ ಕುರ್ಚಿಯಲ್ಲಿ ಕೂರುವವರು ಇದನ್ನು ಒಂದೂವರೆ ಪಟ್ಟು ಮಾಡಿಕೊಳ್ಳಬೇಕು. ಇಳಿಯುವುದಕ್ಕೆ ಮಂಡಿ ನಡುಗುತ್ತಾ ನಾಲ್ಕೈದು ಗಂಟೆ ಬೇರೆ. ಬೆಳಿಗ್ಗೆ 9ಕ್ಕೆ ಹೊರಟವರು ಒಂದೇ ದಿನದಲ್ಲಿ ಹಗಲಿನಲ್ಲಿ ವಾಪಸ್ ಬರುವುದಿಲ್ಲ.

ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಸಂಜೆ 6ರ ಸ್ವಲ್ಪ ಆಚೆ. ದಟ್ಟ ಕಾಡಿನ ಒಳಗೆ ಅದಕ್ಕೂ ಮುಕ್ಕಾಲು ಗಂಟೆ ಮೊದಲೇ ಬೇರು ಯಾವುದು, ಕಲ್ಲು ಯಾವುದು ತಿಳಿಯದಷ್ಟು ಮಬ್ಬಾಗುತ್ತದೆ. ಆನೆ ಓಡಾಡುವ ಕಡೆ ಮುಸ್ಸಂಜೆ, ನಸುಕು ಎರಡೂ ನಮ್ಮ ಹೊತ್ತಲ್ಲ. "ಆನೆ ಅಟ್ಟಿಸಿಕೊಂಡು ಬಂದರೆ ಅಂಕುಡೊಂಕಾಗಿ ಓಡಿ" ಎಂದು ಇನ್ನೊಂದು ಫಾರ್ವರ್ಡ್ ಹೇಳುತ್ತದೆ. ಬೇರು, ಮುಳ್ಳಿನ ನಡುವೆ ಹಾಗೆ ಓಡಬಲ್ಲವರು ಯಾರೋ ನಮಗೆ ತಿಳಿಯದು. ಆನೆ ಆ ಭಾಗದಲ್ಲಿದೆ ಎಂದು ಗಾರ್ಡ್ ಹೇಳಿದರೆ ಆ ದಿನದ ಚಾರಣ ಬಿಡುವುದೊಂದೇ ನಾವು ಹೇಳಬಲ್ಲ ಉಪಾಯ. ಹಾಗಾಗಿ ಹೊರಡುವಾಗಲೇ ಒಂದು 'ತಿರುಗುವ ಹೊತ್ತು' ಗೊತ್ತು ಮಾಡಿಕೊಳ್ಳಿ. ಮಧ್ಯಾಹ್ನ 12 ಎಂದಾದರೆ ತುದಿ ಕಣ್ಣೆದುರಿಗೇ ಇದ್ದರೂ 12ಕ್ಕೆ ತಿರುಗಬೇಕು. ಗುಂಪಿನಲ್ಲಿ ಈ ಮಾತಿಗೆ ಜಗಳವಾಗುವುದು ಖಂಡಿತ. ಜಗಳ ಹಿಂದಿನ ರಾತ್ರಿಯೇ ಆಗಿಬಿಡಲಿ.

ದಾರಿ ತಪ್ಪಿದರೆ ಹಳ್ಳ ಹಿಡಿಯಬೇಕೇ?

ಬಯಲುನಾಡಿನಲ್ಲಿ ಈ ಸಲಹೆಗೆ ಅರ್ಥವಿರಬಹುದು. ಪಶ್ಚಿಮ ಘಟ್ಟದಲ್ಲಿ ಇದು ಪ್ರಾಣಕ್ಕೆ ಎರವು. ಘಟ್ಟದ ಪಶ್ಚಿಮ ಅಂಚಿನಲ್ಲಿ ನೆಲ ಒಮ್ಮೆಗೇ ಕುಸಿಯುತ್ತದೆ, ಹಳ್ಳಗಳು ನಡೆಯುವುದಿಲ್ಲ, ಜಿಗಿಯುತ್ತವೆ. ಶರಾವತಿ ಜೋಗದಲ್ಲಿ 253 ಮೀಟರ್ ಬೀಳುವುದು ಎಲ್ಲರಿಗೂ ಗೊತ್ತು. ಹೆಸರಿಲ್ಲದ ನೂರಾರು ಹಳ್ಳಗಳು ಮೂವತ್ತು, ಐವತ್ತು ಮೀಟರ್ ಬೀಳುತ್ತವೆ. ಹಳ್ಳ ಹಿಡಿದು ಇಳಿದವರು ಪಾಚಿಗಟ್ಟಿದ ಬಂಡೆಯ ಮೇಲೆ, ಮುಂದೆ ಪ್ರಪಾತ, ಹಿಂದೆ ಹತ್ತಲಾಗದ ಜಾರು ಎಂಬ ಸ್ಥಿತಿಗೆ ಬರುತ್ತಾರೆ. ನೀರಿನ ಸದ್ದಿಗೆ ಕೂಗಿದ್ದೂ ಕೇಳುವುದಿಲ್ಲ. ಮೇಲೆ ಘಟ್ಟದಲ್ಲಿ ಮಳೆ ಬಂದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ.

ಪಾಚಿಯ ಮಾತೂ ಹೊರಗಿನಿಂದ ಬಂದದ್ದು. ಯುರೋಪಿನಂಥ ಉತ್ತರದ ದೇಶಗಳಲ್ಲಿ ಸೂರ್ಯ ವರ್ಷವಿಡೀ ದಕ್ಷಿಣದ ಆಕಾಶದಲ್ಲಿರುತ್ತಾನೆ, ಮರದ ಉತ್ತರ ಬದಿ ನೆರಳಿನಲ್ಲಿ ಒದ್ದೆಯಾಗಿ ಉಳಿಯುತ್ತದೆ, ಅಲ್ಲಿ ಪಾಚಿ ಹೆಚ್ಚು. ನಮ್ಮಲ್ಲಿ ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು ಉತ್ತರಕ್ಕೂ ವಾಲುತ್ತಾನೆ. ಮಳೆ ಹೊಡೆಯುವುದು ನೈಋತ್ಯದಿಂದ. ಮಲೆನಾಡಿನ ಮರಕ್ಕೆ ಸುತ್ತಲೂ ಪಾಚಿ. ಅದನ್ನು ನೋಡಿ ದಿಕ್ಕು ಹೇಳುವವರು ಯಾರೂ ಅಲ್ಲಿಲ್ಲ.

ದಾರಿ ತಪ್ಪಿತು ಎನಿಸಿದ ಕ್ಷಣ ನಿಲ್ಲಿ. ಕೂತು ನೀರು ಕುಡಿಯಿರಿ. ಖಚಿತವಾಗಿ ಗೊತ್ತಿರುವ ಕೊನೆಯ ಜಾಗಕ್ಕೆ ಬಂದ ದಾರಿಯಲ್ಲೇ ಹಿಂದಿರುಗಲು ಆದರೆ ಹಿಂದಿರುಗಿ. ಆಗದಿದ್ದರೆ, ಅಥವಾ ಕತ್ತಲಾಗುತ್ತಿದ್ದರೆ ಅಲ್ಲೇ ಉಳಿಯಿರಿ, ಗುಂಪು ಒಡೆಯಬೇಡಿ. ಹತ್ತು ರೂಪಾಯಿಯ ಸೀಟಿಯೊಂದು ಚೀಲದಲ್ಲಿರಲಿ: ಮೂರು ಸಲ ಊದಿ, ನಿಲ್ಲಿಸಿ, ಕೇಳಿಸಿಕೊಳ್ಳಿ, ಮತ್ತೆ ಮೂರು ಸಲ. ಕೂಗಿ ಕೂಗಿ ಗಂಟಲು ಹೋಗುತ್ತದೆ, ಸೀಟಿ ಹೋಗುವುದಿಲ್ಲ. ಒಂದು ಜಾಗದಲ್ಲಿ ಇರುವವರನ್ನು ಹುಡುಕುವುದು ಸುಲಭ, ನಡೆಯುತ್ತಲೇ ಇರುವವರನ್ನು ಕಷ್ಟ. ಅಕ್ಕನಿಗೆ ಹೇಳಿದ 8 ಗಂಟೆಯ ಗಡಿ ಈಗ ಕೆಲಸ ಮಾಡುತ್ತಿರುತ್ತದೆ.

ನೀರು, ಹಾವು

ಹರಿಯುವುದರಿಂದ ನೀರು ಶುದ್ಧವಾಗುವುದಿಲ್ಲ, ಚಲಿಸುತ್ತದೆ ಅಷ್ಟೆ. ಮೇಲೆ ದನ ಮೇಯುತ್ತವೆ, ಅಡಿಕೆ ತೋಟಕ್ಕೆ ಮೈಲುತುತ್ತು ಸುಣ್ಣದ ದ್ರಾವಣ ಹೊಡೆಯುತ್ತಾರೆ, ಇಲಿಜ್ವರದ ರೋಗಾಣು ಪ್ರಾಣಿಗಳ ಮೂತ್ರದಿಂದ ನೀರಿಗೆ ಸೇರುತ್ತದೆ. ಕುಡಿಯುವ ನೀರು ಊರಿಂದಲೇ ಹೊತ್ತುಕೊಳ್ಳಿ. ಹಳ್ಳದ್ದೇ ಗತಿಯಾದರೆ ಬಟ್ಟೆಯಲ್ಲಿ ಸೋಸಿ, ಒಂದು ನಿಮಿಷ ಕೊತಕೊತ ಕುದಿಸಿದರೆ ರೋಗಾಣು ಸಾಯುತ್ತವೆ, ಮೈಲುತುತ್ತು ಹೋಗುವುದಿಲ್ಲ. ಹಾಗೆಂದು ಕಾಡಿನಲ್ಲಿ ಒಲೆ ಹೂಡುವಂತಿಲ್ಲ. ಅನುಮತಿ ಇರುವ ತಂಗುವ ಜಾಗದಲ್ಲಿ ಮಾತ್ರ. ಉಳಿದ ಕಡೆಗೆ ಕ್ಲೋರಿನ್ ಮಾತ್ರೆ ಇಟ್ಟುಕೊಳ್ಳಿ.

ಹಾವು ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು, ವಿಷದ ಕಲ್ಲು ಇಡುವುದು, ಯಾವುದೂ ಬೇಡ. ಹಗ್ಗ ಬಿಗಿದರೆ ರಕ್ತ ಓಡಾಟ ನಿಂತು ಕಾಲನ್ನೇ ಕಳೆದುಕೊಳ್ಳಬಹುದು. ಕಚ್ಚಿದ ಕೈಕಾಲು ಅಲುಗದಂತೆ ಕೋಲು ಕಟ್ಟಿ, ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ. ಹಾವನ್ನು ಹಿಡಿಯಲು, ಕೊಲ್ಲಲು ಹೋಗಿ ಎರಡನೆಯವರಿಗೂ ಕಚ್ಚಿಸಬೇಡಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕಕ್ಕೆ. ಕಾಳಿಂಗಕ್ಕೆ, ಮಲೆನಾಡಿನ ಹಸಿರು ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ಆದರೂ ಆಸ್ಪತ್ರೆಗೇ ಹೋಗಬೇಕು. ಉಸಿರಾಟಕ್ಕೆ ಆಸರೆ ಸಿಗುವುದು ಅಲ್ಲೇ. ಹೊರಡುವ ಮೊದಲು ಮಾಡಬೇಕಾದದ್ದು ಒಂದೇ ಫೋನ್: ಹತ್ತಿರದ ತಾಲ್ಲೂಕು ಆಸ್ಪತ್ರೆ ಯಾವುದು, ಅಲ್ಲಿ ಪ್ರತಿವಿಷ ಇದೆಯೇ?

ಇಂಬಳಕ್ಕೆ ಹೆದರಿ ಉಣುಗನ್ನು ಮರೆತರೆ

ಈಗ ಫಾರ್ವರ್ಡ್‌ನ ಆ ಫೋಟೊಗೆ ಬರೋಣ. ಇಂಬಳ ನೋಡಲು ಅಸಹ್ಯ, ಆದರೆ ಹೆಚ್ಚೇನೂ ಮಾಡುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇರುವುದರಿಂದ ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ಉಗುರಿನಿಂದ ಬಾಯಿಯ ಕಡೆಯಿಂದ ತಳ್ಳಿ ಬಿಡಿಸಿ, ತೊಳೆದು, ಬಟ್ಟೆ ಒತ್ತಿ ಹಿಡಿದರೆ ಆಯಿತು. ಊರವರು ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ನಿರಾಳವಾಗಿ ಓಡಾಡುತ್ತಾರೆ.

ಇಂಬಳ ಮಳೆಗಾಲದ್ದು. ಅದಕ್ಕೆ ಹೆದರಿ ಜನ ಚಾರಣವನ್ನು ಡಿಸೆಂಬರ್, ಜನವರಿ, ಫೆಬ್ರುವರಿಗೆ ಇಟ್ಟುಕೊಳ್ಳುತ್ತಾರೆ. ಒಣ ಎಲೆಯ ಮೇಲೆ ಆರಾಮಾಗಿ ಕೂತು ಬುತ್ತಿ ಬಿಚ್ಚುತ್ತಾರೆ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವ ಕಾಲ ಅದೇ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜೊತೆಗೆ ಸುತ್ತಲಿನ ಹಳ್ಳಿಯವರಿಗೆ ವಿಚಿತ್ರ ಜ್ವರ. ವಿಜ್ಞಾನಿಗಳು ಹುಡುಕಿದಾಗ ಸಿಕ್ಕಿದ್ದು ಹೊಸ ವೈರಸ್. ಇವತ್ತಿಗೂ ಜಗತ್ತು ಅದನ್ನು ಕರೆಯುವುದು ಕ್ಯಾಸನೂರು ಕಾಡಿನ ಕಾಯಿಲೆ ಎಂದೇ. ವೈರಸ್ ಹರಡುವುದು ಉಣುಗಿನಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಮರಿ ಉಣುಗುಗಳು ಎಳ್ಳುಕಾಳಿಗಿಂತ ಸಣ್ಣವು, ನವೆಂಬರ್‌ನಿಂದ ಮೇ ತನಕ ತರಗೆಲೆಯಲ್ಲಿ, ಗಿಡದ ತುದಿಯಲ್ಲಿ ಹೇರಳ. ಹೆಚ್ಚಾಗಿ ಬಲಿಯಾಗುವವರು ತರಗೆಲೆ, ಕಟ್ಟಿಗೆ ತರಲು, ದನ ಮೇಯಿಸಲು ಹೋಗುವವರು. ಅದೇ ದುಡಿಯುವ ಜನ. ಸಾಗರ ತಾಲ್ಲೂಕಿನ ಅರಳಗೋಡು ಸುತ್ತ 2018-19ರಲ್ಲಿ ಇದು ಹಲವು ಜೀವ ತೆಗೆಯಿತು. ಸೋಂಕು ತಗುಲಿದ ನೂರು ಜನರಲ್ಲಿ ಸುಮಾರು 3ರಿಂದ 5 ಜನ ಸಾಯುತ್ತಾರೆ. ಇದಕ್ಕೆಂದೇ ಔಷಧಿ ಇಲ್ಲ, ಹಿಂದೆ ಕೊಡುತ್ತಿದ್ದ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗದೆ ಅದನ್ನೂ ನಿಲ್ಲಿಸಲಾಗಿದೆ.

ಹಾಗಾಗಿ ಹೊರಡುವ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ "ಈ ಕಡೆ ಮಂಗ ಸತ್ತಿದೆಯೇ, ಕಾಯಿಲೆ ಇದೆಯೇ?" ಎಂದು ಕೇಳಿ. ಇದೆ ಎಂದರೆ ಹೋಗಬೇಡಿ. ಹೋಗುವುದಾದರೆ ಉದ್ದ ತೋಳಿನ ತಿಳಿ ಬಣ್ಣದ ಬಟ್ಟೆ, ಪ್ಯಾಂಟನ್ನು ಸಾಕ್ಸ್‌ನೊಳಗೆ ತೂರಿಸುವುದು, ತರಗೆಲೆಯ ಮೇಲೆ ಕೂರದೆ ಬಂಡೆಯ ಮೇಲೆ ಕೂರುವುದು. ಆರೋಗ್ಯ ಇಲಾಖೆ ಕಾಡಂಚಿನವರಿಗೆ ಕೊಡುವ ಡೆಪಾ ಎಣ್ಣೆ ಉಣುಗನ್ನು ದೂರವಿಡುತ್ತದೆ, ಅದನ್ನು ಕಂಡುಹಿಡಿದದ್ದು ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆಯವರು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಮುಟ್ಟದೆ, ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಿ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಸುತ್ತಲೂ ಇಳಿದಿರುತ್ತವೆ. ಸಂಜೆ ಬಂದವರೇ ಬಿಸಿನೀರಿನ ಸ್ನಾನ ಮಾಡಿ, ಕಂಕುಳು, ತೊಡೆಯ ಸಂದು, ಕಿವಿಯ ಹಿಂದೆ ಬೆರಳಾಡಿಸಿ ನೋಡಿ. ಕಚ್ಚಿಕೊಂಡಿದ್ದರೆ ಸುಡುವುದು, ಸೀಮೆಎಣ್ಣೆ ಹಾಕುವುದು ಬೇಡ. ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ.

ಜ್ವರ ಬರುವುದು ಉಣುಗು ಕಚ್ಚಿದ 3ರಿಂದ 8 ದಿನಕ್ಕೆ. ಅಷ್ಟರಲ್ಲಿ ನೀವು ಬೆಂಗಳೂರಿಗೋ ಹುಬ್ಬಳ್ಳಿಗೋ ವಾಪಸ್ ಬಂದು, ಫೋಟೊ ಹಾಕಿ, ಕೆಲಸಕ್ಕೆ ಹೋಗಿ, ಚಾರಣವನ್ನು ಮರೆತಿರುತ್ತೀರಿ. ಒಮ್ಮೆಗೇ ಏರುವ ಜ್ವರ, ತಲೆನೋವು, ವಿಪರೀತ ಮೈಕೈ ನೋವು. ನಗರದ ವೈದ್ಯರಿಗೆ ಮೊದಲು ಹೊಳೆಯುವುದು ಡೆಂಗಿ, ವೈರಲ್ ಜ್ವರ. ಮಂಗನ ಕಾಯಿಲೆ ಹೊಳೆಯಬೇಕಾದರೆ ನೀವು ಬಾಯಿಬಿಟ್ಟು ಹೇಳಬೇಕು: "ಡಾಕ್ಟ್ರೇ, ಹೋದ ವಾರ ಮಲೆನಾಡಿನ ಕಾಡಿಗೆ ಹೋಗಿದ್ದೆ, ಇಂಥ ತಾಲ್ಲೂಕು, ಇಂಥ ಊರು." ವೈದ್ಯರನ್ನು ಕಾಣುವ ತನಕ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ, ಈ ಕಾಯಿಲೆಯಲ್ಲಿ ರಕ್ತಸ್ರಾವ ಆಗಬಹುದು. ಜೊತೆಗೆ ಬಂದ ಉಳಿದವರಿಗೂ ಅವತ್ತೇ ಫೋನ್ ಮಾಡಿ, ಅವರಲ್ಲಿ ಯಾರಿಗಾದರೂ ಮೈ ಬಿಸಿಯಾಗಿದೆಯೇ ಎಂದು ಕೇಳಿ.